ಸುಕ್ರಜ್ಜಿಯ ಹಾಡೂ ನಮ್ಮ ಪ್ರಶಂಸೆಯೂ

೧

ಕವಿಯ ಚರಿತ್ರವನ್ನು ಬರೆಯುವದಕ್ಕಿಂತ ಗಾಯಕರ ಚರಿತ್ರವನ್ನು ಬರೆಯುವದು ಕಷ್ಟದ ಕೆಲಸ. ಕವಿಯು ಕಾಲವಾದರೂ ಅವನ ಕಾವ್ಯವು ನಮ್ಮ ಕೈಯಲ್ಲಿ ಉಳಿದಿರುವದು. ಅದನ್ನು ಓದಿ ನಾವು ಅವನ ಗುಣದೋಷಗಳನ್ನು ತೂಗಬಹುದು. ಗಾಯಕನ ಕೃತಿಯಾದರೋ ಉಸಿರಿನೊಡನೆ ಹುಟ್ಟಿ ಉಸಿರಿನೊಡನೆ ಅಡಗುವಂಥದು. ಆದುದರಿಂದಲೇ ಹಾಡುಗಾರರು ತಮ್ಮ ಇಳಿವಯಸ್ಸಿನಲ್ಲಿ ನೆನಪುಗಳನ್ನು ಬರೆದಿಟ್ಟರೆ, ಇಲ್ಲವೆ ಹೇಳಿ ಬರೆಯಿಸಿದರೆ, ರಸಿಕರು ಅದನ್ನು ಆದರದಿಂದ ಬರಮಾಡಿಕೊಳ್ಳುವರು.

ನಮ್ಮ ನಾಡಿನಲ್ಲಿ ಇಂತಹ ಗ್ರಂಥಗಳಿಗೆ ಕೊರತೆಯಿಲ್ಲ. ಧಾರವಾಡದ ಮಲ್ಲಿಕಾರ್ಜುನ ಮನಸೂರರ 'ನನ್ನ ರಸಯಾತ್ರೆ'ಯನ್ನೂ ಗಂಗೂಬಾಯಿ ಹಾನಗಲ್ಲರ 'ನನ್ನ ಬದುಕಿನ ಹಾಡು' ಎಂಬುದನ್ನೂ ವಾಚಕರಲ್ಲಿ ಅನೇಕರು ಓದಿರಬಹುದು. ನಮ್ಮ ಜಿಲ್ಲೆಯವರೇ ಆದ ಕೆರೆಮನೆ ಶಿವರಾಮ ಹೆಗಡೆಯವರ 'ನೆನಪಿನ ರಂಗಸ್ಥಳ'ವು ಯಕ್ಷಗಾನದ ಒಂದು ಯುಗವನ್ನೇ ಕಣ್ಣಿಗೆ ಕಟ್ಟಿಸುವದು. ಹೊರದೇಶಗಳಲ್ಲಿಯೂ ಇದೇ ಪದ್ಧತಿ. ಇಂಗ್ಲೆಂಡಿನ ರಾಕ್ ಸಂಗೀತದ ಹಿರಿಯನಾದ ಕೀತ್ ರಿಚರ್ಡ್ಸ್ ಎಂಬವನು ೨೦೧೦ರಲ್ಲಿ ತನ್ನ ಬಾಳಿನ ಕಥೆಯನ್ನು ಪ್ರಕಟಿಸಿದನು; ಅದನ್ನು ಬರೆಯುವದಕ್ಕೆ ಅವನಿಗೂ ಒಬ್ಬ ಲೇಖಕನ ನೆರವು ಬೇಕಾಯಿತು.

ಈ ಗ್ರಂಥಗಳ ಶೈಲಿ ಬೇರೆ, ದೇಶ ಬೇರೆ. ಆದರೂ ಇವುಗಳನ್ನು ಓದುವವರು ಮೊದಲು ಹುಡುಕುವದು ಒಂದನ್ನೇ. ಹಾಡುವವರು ಯಾರಿಂದ ಕಲಿತರು? ಮನಸೂರರು ಮೊದಲು ಅಪ್ಪಯ್ಯಸ್ವಾಮಿಗಳಿಂದ ಕರ್ನಾಟಕ ಪದ್ಧತಿಯನ್ನೂ, ಬಳಿಕ ಮಿರಜಿನ ನೀಲಕಂಠಬುವಾ ಅವರಿಂದ ಗ್ವಾಲಿಯರ್ ಪರಂಪರೆಯನ್ನೂ, ಅನಂತರ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿಖಾನ್ ಮತ್ತು ಭೂರ್ಜಿಖಾನರಿಂದ ಜಯಪುರ ಘರಾಣೆಯನ್ನೂ ಪಡೆದರು. ೧೯೩೦ರ ದಶಕದಲ್ಲಿ ಹೊರಬಂದ ಅವರ ಧ್ವನಿಮುದ್ರಿಕೆಗಳನ್ನು ಮುಪ್ಪಿನ ಕಾಲದ ಗಾಯನದೊಡನೆ ಹೋಲಿಸಿ ನೋಡುವವರಿಗೆ ಈ ಗುರುಪರಂಪರೆಯು ಕೈದೀಪದಂತೆ ಒದಗುವದು. ಹೀಗೆ ಗುರುವಿನ ಹೆಸರು, ಕಲಿತ ಕಾಲ, ಹಾಡಿದ ಸಭೆ, ಉಳಿದ ಮುದ್ರಿಕೆ ಇವಿಷ್ಟೂ ದೊರೆತ ಕಡೆಗೆ ವಿಮರ್ಶೆಗೆ ಕಾಲೂರಲು ನೆಲ ಸಿಕ್ಕುವದು.

ಈ ನೆಲವು ಸಿಕ್ಕದಲ್ಲಿ ನಾವು ಏನು ಮಾಡುತ್ತೇವೆ ಎಂಬುದೇ ಈ ಲೇಖನದ ಪ್ರಶ್ನೆ.

೨

ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ೨೦೨೫ರ ಫೆಬ್ರವರಿ ೧೩ರಂದು ತೀರಿಕೊಂಡರು. ಜಿಲ್ಲೆಯ ಜನರೆಲ್ಲ ಅವರನ್ನು ಸುಕ್ರಜ್ಜಿಯೆಂದೇ ಕರೆಯುತ್ತಿದ್ದರು. ಪಶ್ಚಿಮದ ಕಡಲಿಗೂ ಸಹ್ಯಾದ್ರಿಗೂ ನಡುವೆ ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಭಟಕಳಗಳ ಕೊಪ್ಪಗಳಲ್ಲಿ ವಾಸಿಸುವ ಹಾಲಕ್ಕಿ ಒಕ್ಕಲಿಗರಲ್ಲಿ ಅವರು ಹುಟ್ಟಿದರು. ಎಳೆವೆಯಲ್ಲಿ ತಾಯಿಯಿಂದ ಹಾಡುಗಳನ್ನು ಕಲಿತರು. ಅಕ್ಷರ ಕಲಿಯಲಿಲ್ಲ. ಚಿಕ್ಕ ವಯಸ್ಸಿನಲ್ಲಿಯೇ ಮದುವೆಯಾಯಿತು. ಕುಡಿತವು ಮೊದಲು ಗಂಡನನ್ನೂ ಬಳಿಕ ಸಾಕುಮಗನನ್ನೂ ಬಲಿ ತೆಗೆದುಕೊಂಡಿತು. ಅವರು ಹಾಡುವದನ್ನು ಬಿಡಲಿಲ್ಲ. ಕಾರವಾರದ ಆಕಾಶವಾಣಿಯು ಅವರ ಹಾಡುಗಳನ್ನು ಮುದ್ರಿಸಿಕೊಂಡಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಪದವಿಯಿತ್ತಿತು. ೨೦೧೭ರಲ್ಲಿ ಭಾರತ ಸರಕಾರವು ಪದ್ಮಶ್ರೀಯನ್ನು ಕೊಟ್ಟಿತು.

ಇಷ್ಟು ಸನ್ಮಾನ ಪಡೆದವರ ವಿಷಯದಲ್ಲಿ ನಾವು ಇನ್ನೂ ಏನನ್ನು ಬಾಕಿಯಿಟ್ಟಿದ್ದೇವೆಂದು ವಾಚಕರು ಕೇಳಬಹುದು. ನಮ್ಮ ಉತ್ತರ ಇಷ್ಟೇ: ಪ್ರಶಂಸೆಯನ್ನು ಧಾರಾಳವಾಗಿ ಕೊಟ್ಟೆವು, ವಿಮರ್ಶೆಯನ್ನು ಕೊಡಲಿಲ್ಲ. ಮನಸೂರರ ಒಂದು ರಾಗದ ವಿಸ್ತಾರವನ್ನು ಕುರಿತು ತಾಸುಗಟ್ಟಲೆ ವಾದಿಸುವ ಮನೆಗಳಲ್ಲಿಯೇ ಸುಕ್ರಜ್ಜಿಯ ಹೆಸರು ಬಂದಾಗ ಎರಡು ಮೂರು ಬಿರುದುಗಳನ್ನು ಉಚ್ಚರಿಸಿ ಸುಮ್ಮನಾಗುವದು ರೂಢಿಯಾಗಿದೆ. ಆ ಬಿರುದುಗಳನ್ನು ಸ್ವಲ್ಪ ಪರೀಕ್ಷಿಸಿ ನೋಡೋಣ.

ಮೊದಲನೆಯದು 'ಹಾಲಕ್ಕಿ ಕೋಗಿಲೆ'. ಪ್ರೀತಿಯಿಂದ ಬಂದ ಮಾತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೋಗಿಲೆಯು ಯಾರಿಂದಲೂ ಪಾಠ ಹೇಳಿಸಿಕೊಳ್ಳುವದಿಲ್ಲ; ವಸಂತ ಬಂದರೆ ತಾನಾಗಿ ಕೂಗುವದು. ವಿದ್ಯಾವಂತರಾದ ಗಾಯಕರನ್ನು ಕೋಗಿಲೆಯೆಂದರೆ ಅದು ಅಲಂಕಾರ. ಅವರ ಗುರುಗಳಾರೆಂಬುದು ಎಲ್ಲರಿಗೂ ಗೊತ್ತಿರುವದರಿಂದ ಆ ಮಾತಿನಿಂದ ಹಾನಿಯಿಲ್ಲ. ಹಳ್ಳಿಯ ಹೆಂಗಸನ್ನು ಕೋಗಿಲೆಯೆಂದರೆ ಅದು ಅಲಂಕಾರವಾಗಿ ಉಳಿಯದೆ ಅಭಿಪ್ರಾಯವೇ ಆಗಿಬಿಡುವದು. ಈಕೆಗೆ ಇದು ಪ್ರಕೃತಿದತ್ತ, ಕಲಿತದ್ದಲ್ಲ, ದುಡಿದು ಗಳಿಸಿದ್ದಲ್ಲ ಎಂಬ ಭಾವನೆ ಬೇರೂರುವದು. ತಾಯಿಯ ಬೆನ್ನ ಹಿಂದೆ ನಿಂತು, ಸೊಲ್ಲು ತಪ್ಪಿದಲ್ಲಿ ತಿದ್ದಿಸಿಕೊಂಡು, ವರ್ಷ ವರ್ಷ ಕೂಡಿಸಿಕೊಂಡ ವಿದ್ಯೆಯನ್ನು ನಾವು ಒಂದೇ ಮಾತಿನಿಂದ ಅಳಿಸಿಹಾಕಿದಂತಾಯಿತು.

ಎರಡನೆಯದು 'ನಡೆದಾಡುವ ವಿಶ್ವಕೋಶ', 'ಜಾನಪದ ಭಂಡಾರ' ಮೊದಲಾದ ಹೊಗಳಿಕೆಗಳು. ಇವು ಹಾಡಿನ ಸಂಖ್ಯೆಯ ಮೇಲೆ ನಿಂತವು. ಒಬ್ಬರು ಸಾವಿರವೆನ್ನುವರು, ಇನ್ನೊಬ್ಬರು ಹಲವು ಸಾವಿರವೆನ್ನುವರು. ಎಣಿಕೆಯು ಹೆಚ್ಚಿದಷ್ಟೂ ಕೇಳುವದು ಕಡಿಮೆಯಾಗುತ್ತ ಬಂದಿತು. ಭಂಡಾರವೆಂದರೆ ಇಟ್ಟದ್ದನ್ನು ಇಟ್ಟಂತೆಯೇ ಕಾಯುವ ಕೋಣೆ. ಅದಕ್ಕೆ ರುಚಿಯಿಲ್ಲ, ವಿವೇಚನೆಯಿಲ್ಲ. ಕೋಣೆಯಲ್ಲಿರುವದನ್ನು ಹೊರತೆಗೆದು ಕಾಗದಕ್ಕೆ ಇಳಿಸಿದ ಮೇಲೆ ಅದರ ಅವಶ್ಯಕತೆಯೂ ತೀರಿಹೋಗುವದು. ಸುಕ್ರಜ್ಜಿಯು ಇಂತಹ ಕೋಣೆಯಾಗಿದ್ದರೆ? ಅವರ ಹಾಡು ಕೇಳಿದ ಯಾರೂ ಹಾಗೆನ್ನಲಾರರು.

ಮೂರನೆಯದನ್ನು ಬಿರುದೆನ್ನುವದಕ್ಕಿಂತ ಚಿತ್ರವೆನ್ನುವದು ಲೇಸು. ಕೊರಳ ತುಂಬ ಮಣಿಸರ, ಹಾಲಕ್ಕಿ ಪದ್ಧತಿಯಂತೆ ಉಟ್ಟ ಸೀರೆ, ಮುಖದಲ್ಲಿ ಮುಗುಳುನಗೆ. ಈ ಚಿತ್ರವನ್ನು ಕಂಡ ಜನರ ಸಂಖ್ಯೆಯು ಅವರ ಒಂದು ಹಾಡನ್ನಾದರೂ ಆದಿಯಿಂದ ಅಂತ್ಯದ ವರೆಗೆ ಕೇಳಿದವರ ಸಂಖ್ಯೆಗಿಂತ ಬಹಳ ದೊಡ್ಡದು. ಉಡಿಗೆ ತೊಡಿಗೆಗಳಲ್ಲಿ ಒಂದು ಜನಾಂಗದ ಅಭಿರುಚಿಯಿದೆಯೆಂಬುದು ನಿಜ. ಆದರೆ ಮಣಿಸರವನ್ನು ನೋಡಿ ತೃಪ್ತರಾದವರು ಹಾಡನ್ನು ಕೇಳಿದವರ ಪಂಕ್ತಿಯಲ್ಲಿ ಕುಳಿತುಕೊಳ್ಳುವದು ಸರಿಯಲ್ಲ.

೩

ಹಾಗಾದರೆ ಕೇಳತಕ್ಕದ್ದು ಏನನ್ನು?

ಮೊದಲು ಆ ಹಾಡಿನ ಸಂದರ್ಭವನ್ನು ತಿಳಿಯಬೇಕು. ಹಾಲಕ್ಕಿಗಳಲ್ಲಿ ಗಂಡಸರ ಕಲೆ ಬೇರೆ, ಹೆಂಗಸರ ಕಲೆ ಬೇರೆ. ಫಾಲ್ಗುಣದ ಸುಗ್ಗಿಯಲ್ಲಿ ತಲೆಗೆ ತುರಾಯಿ ಕಟ್ಟಿ ಮನೆಮನೆಗೆ ಕುಣಿಯುತ್ತ ಬರುವವರು ಗಂಡಸರು. ಮಣ್ಣಿನ ಗುಮಟೆಯನ್ನು ಬಾರಿಸಿ ಪದ ಹೇಳುವವರೂ ಅವರೇ. ಹೆಂಗಸರ ಹಾಡಿಗೆ ಬಹುಮಟ್ಟಿಗೆ ವಾದ್ಯದ ಆಸರೆಯಿಲ್ಲ. ಮದುವೆಯ ಚಪ್ಪರದಲ್ಲಿ, ನೆಟ್ಟಿಯ ಗದ್ದೆಯಲ್ಲಿ, ತೊಟ್ಟಿಲ ಬಳಿಯಲ್ಲಿ ಕೊರಳೇ ಶ್ರುತಿ, ಕೆಲಸದ ಲಯವೇ ತಾಳ. ಒಬ್ಬಳು ಸೊಲ್ಲೆತ್ತುವಳು, ಉಳಿದವರು ಅದನ್ನು ಎತ್ತಿಕೊಳ್ಳುವರು. ಉಳಿದವರು ಹಾಡುತ್ತಿರುವಾಗ ಮುಂದಾಳು ಉಸಿರು ತೆಗೆದುಕೊಂಡು ಮುಂದಿನ ಸೊಲ್ಲನ್ನು ಅಣಿಮಾಡಿಕೊಳ್ಳುವಳು. ನೋಡುವದಕ್ಕೆ ಸುಲಭ, ಮಾಡುವದು ದುಸ್ತರ. ಗಾಯನವು ಎಲ್ಲಿಯೂ ಕಡಿಯಕೂಡದು. ಹಿಂದಿನ ಸೊಲ್ಲು ಮುಂದಿನದಕ್ಕೆ ಕೈಕೊಡಬೇಕು. ಗದ್ದೆಯಲ್ಲಿ ಬಗ್ಗಿದವರ ಬೆನ್ನೂ ಸಸಿಯೂರುವ ಬೆರಳೂ ಒಂದೇ ನಡಿಗೆಯಲ್ಲಿ ಸಾಗಬೇಕು.

ರಾಗವಿಸ್ತಾರಕ್ಕೆ ಒಗ್ಗಿದ ಕಿವಿಗೆ ಈ ಹಾಡು ಮೊದಲು ಬೇಸರ ತರಬಹುದು. ಸ್ವರಗಳ ಹರವು ಕಿರಿದು. ಒಂದೇ ಧಾಟಿಯು ಮತ್ತೆ ಮತ್ತೆ ಬರುವದು. ಇದನ್ನು ಕಂಡು, ಸಾಹಿತ್ಯ ಚೆನ್ನಾಗಿದೆ, ಸಂಗೀತವೇನೂ ಇಲ್ಲ ಎಂದು ತೀರ್ಪು ಕೊಡುವವರುಂಟು. ನಮ್ಮ ಅಭಿಪ್ರಾಯದಲ್ಲಿ ಈ ತೀರ್ಪು ಅಳತೆಗೋಲಿನ ದೋಷದಿಂದ ಬಂದದ್ದು. ಖ್ಯಾಲಿನಲ್ಲಿ ಕೆಲವೇ ಮಾತುಗಳಿದ್ದು ಸ್ವರವು ಬೆಳೆಯುವದು. ಇಲ್ಲಿ ಸ್ವರವು ನಿಂತಲ್ಲಿಯೇ ನಿಂತು ಮಾತು ಬೆಳೆಯುವದು. ಒಂದೇ ಧಾಟಿಯ ಮೇಲೆ ಹತ್ತಾರು ಸೊಲ್ಲುಗಳು ಸಾಗುವಾಗ ಕೇಳುವವರ ಮನಸ್ಸು ಧಾಟಿಯನ್ನು ಮರೆತು ಕಥೆಯ ಬೆನ್ನು ಹತ್ತುವದು. ಪುನರುಕ್ತಿಯು ಬಡತನವಲ್ಲ, ಬುನಾದಿ. ಆ ಬುನಾದಿಯ ಮೇಲೆ ಮುಂದಾಳು ಎಲ್ಲಿ ಸೊಲ್ಲನ್ನು ಎಳೆಯುವಳು, ಎಲ್ಲಿ ಮೊಟಕು ಮಾಡುವಳು, ಯಾವ ಮಾತಿನ ಮೇಲೆ ಭಾರವಿಡುವಳು ಎಂಬುದರಲ್ಲಿ ಅವಳ ಕಲೆಯಿದೆ.

ಇನ್ನು ನೆನಪಿನ ಮಾತು. ೧೯೩೦ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಎಂಬ ಅಮೇರಿಕೆಯ ವಿದ್ವಾಂಸರು ಯುಗೋಸ್ಲಾವಿಯದ ಹಳ್ಳಿಗಳಲ್ಲಿ ತಿರುಗಿ, ಓದು ಬಾರದ ಗಾಯಕರು ಹಾಡುತ್ತಿದ್ದ ಕಥನಗೀತಗಳನ್ನು ಮುದ್ರಿಸಿಕೊಂಡರು. ಅವರ ಶಿಷ್ಯರಾದ ಆಲ್ಬರ್ಟ್ ಲಾರ್ಡರು ಆ ಶೋಧವನ್ನು ಮುಂದುವರಿಸಿ ೧೯೬೦ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಅವರು ಕಂಡುಕೊಂಡ ತತ್ವವಿದು: ಇಂತಹ ಗಾಯಕನು ಬಾಯಿಪಾಠ ಒಪ್ಪಿಸುವವನಲ್ಲ, ಕುಲಕ್ರಮದಿಂದ ಬಂದ ಮಾತಿನ ಕಟ್ಟುಗಳನ್ನೂ ಕಥೆಯ ಕೀಲುಗಳನ್ನೂ ಕೈವಶ ಮಾಡಿಕೊಂಡು, ಹಾಡಿದಾಗಲೆಲ್ಲ ಹಾಡನ್ನು ಹೊಸದಾಗಿ ಕಟ್ಟುವವನು. ಈ ಮಾತು ವೀರಕಥೆಗಳಿಗೆ ಒಪ್ಪುವಷ್ಟು ನಮ್ಮ ಶೋಭಾನೆಯ ಹಾಡಿಗೆ ಒಪ್ಪದಿರಬಹುದು; ಮದುವೆಯ ಹಾಡಿಗೆ ಶಾಸ್ತ್ರದ ಬಿಗಿಯಿದೆ. ಆದರೂ ಒಂದು ಪಾಠ ಇಬ್ಬರಿಗೂ ಸಮಾನ. ನೆನಪೆಂದರೆ ಮರೆಯದಿರುವದಷ್ಟೇ ಅಲ್ಲ. ಹೊತ್ತಿಗೆ ತಕ್ಕುದನ್ನು ತೆಗೆಯುವದು. ಅರಿಸಿನ ಹಚ್ಚುವಾಗ ಯಾವುದು, ಧಾರೆಯ ಹೊತ್ತಿಗೆ ಯಾವುದು, ಹೆಣ್ಣೊಪ್ಪಿಸಿ ಕೊಡುವಾಗ ಯಾವುದು. ಶಾಸ್ತ್ರವು ಬೇಗ ಮುಗಿದರೆ ಹಾಡನ್ನು ಎಲ್ಲಿ ಕೂಡಿಸಬೇಕು, ತಡವಾದರೆ ಎಲ್ಲಿ ಬೆಳೆಸಬೇಕು ಎಂಬ ವಿವೇಚನೆಯಿಲ್ಲದವಳು ಸಾವಿರ ಹಾಡು ಬಲ್ಲವಳಾದರೂ ಮುಂದಾಳಾಗಲಾರಳು. ಸುಕ್ರಜ್ಜಿಯನ್ನು ಭಂಡಾರವೆನ್ನಲೊಪ್ಪದೆ ಕಲಾವಿದೆಯೆಂದು ನಾವು ಕರೆಯುವದು ಇದೇ ಕಾರಣಕ್ಕೆ.

೪

ಈಗ ಜೀವನಕ್ಕೂ ಹಾಡಿಗೂ ಇರುವ ಸಂಬಂಧವನ್ನು ನೋಡಬೇಕು. ಇಲ್ಲಿಯೇ ಪಂಡಿತಗಾಯಕರ ಆತ್ಮಚರಿತ್ರಕ್ಕೂ ಸುಕ್ರಜ್ಜಿಯ ಬಾಳಿಗೂ ಇರುವ ಅಂತರವು ಎದ್ದು ಕಾಣುವದು.

ಆತ್ಮಚರಿತ್ರದಲ್ಲಿ 'ನಾನು' ಎಂಬುದು ಮುಖ್ಯ. ಹಾಲಕ್ಕಿ ಹೆಂಗಸಿನ ಹಾಡಿನಲ್ಲಿ ಈ 'ನಾನು' ಹುಡುಕಿದರೂ ಸಿಕ್ಕುವದು ಅಪರೂಪ. ದುಃಖವಿಲ್ಲವೆಂದಲ್ಲ, ಅದು ಸೀತೆಯ ದುಃಖವಾಗಿ, ತವರಿನಿಂದ ಹೊರಟ ಮದುವಣಗಿತ್ತಿಯ ದುಃಖವಾಗಿ ಬರುವದು. ಹಾಡುವವಳು ತನ್ನದನ್ನು ಅವರ ಬಾಯಲ್ಲಿ ಹೇಳಿಸುವಳು. ಕೇಳುವ ಹೆಂಗಸರೂ ತಮ್ಮ ತಮ್ಮದನ್ನು ಅದರಲ್ಲಿ ಕೇಳಿಕೊಳ್ಳುವರು. ಈ ಕಾರಣದಿಂದ ಹಾಡುಗಳನ್ನು ಬಗೆದು ಅದರಿಂದ ಸುಕ್ರಜ್ಜಿಯ ಜೀವನಕಥೆಯನ್ನು ಹೊರತೆಗೆಯುವೆವೆಂಬ ಉತ್ಸಾಹವು ತಕ್ಕದ್ದಲ್ಲ. ಆ ಹಾಡುಗಳು ಅವರ ಹುಟ್ಟಿಗೆ ಮೊದಲೇ ಇದ್ದವು.

ಅವರ 'ನಾನು' ಪ್ರಕಟವಾದದ್ದು ಹಾಡಿನ ಹೊರಗೆ. ಗಂಡನನ್ನೂ ಸಾಕುಮಗನನ್ನೂ ಕಳೆದುಕೊಂಡ ಹೆಂಗಸು ಮನೆಯ ಮೂಲೆ ಹಿಡಿಯುವದನ್ನು ಲೋಕವು ನಿರೀಕ್ಷಿಸುವದು. ಸುಕ್ರಿ ಬೊಮ್ಮಗೌಡರು ಊರ ಹೆಂಗಸರನ್ನು ಕೂಡಿಸಿ ಸಾರಾಯಿಯ ವಿರುದ್ಧ ನಿಂತರು. ೧೯೯೦ರ ದಶಕದಲ್ಲಿ ಬಡಿಗೇರಿಯಲ್ಲಿ ನಡೆದ ಈ ಹೋರಾಟವು ಅಂಕೋಲೆಯ ಸೀಮೆಗೆ ಅಪರಿಚಿತವಲ್ಲದ ಒಂದು ಧೈರ್ಯದ ಮುಂದುವರಿಕೆ. ಇದು ೧೯೩೦ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ನೆಲ. ಕರ್ನಾಟಕದಲ್ಲಿ ೨೦೦೭ರ ಜುಲೈ ೧ರಿಂದ ಸಾರಾಯಿಯು ನಿಷಿದ್ಧವಾಯಿತು. ಅದು ಒಂದೂರಿನ ಹೋರಾಟದ ಫಲವೆಂದು ಹೇಳುವದು ಅತಿಶಯೋಕ್ತಿ. ಕುಡಿತವು ಅದರಿಂದ ನಿಂತಿತೆಂದು ಹೇಳುವದು ಸುಳ್ಳು. ಆದರೆ ಇಂತಹ ಹಲವು ಊರುಗಳ ಹೆಂಗಸರ ಕೂಗು ಇಲ್ಲದೆ ಸರಕಾರವು ತನ್ನ ಬೊಕ್ಕಸದ ಒಂದು ದಾರಿಯನ್ನು ತಾನಾಗಿ ಮುಚ್ಚುತ್ತಿತ್ತೆಂದು ನಂಬುವದು ಕಷ್ಟ.

ಈ ಹೋರಾಟವನ್ನು ಹಾಡಿನ ಅಧ್ಯಾಯದಿಂದ ಬೇರ್ಪಡಿಸಿ 'ಸಮಾಜಸೇವೆ' ಎಂಬ ತಲೆಬರಹದ ಕೆಳಗೆ ಎರಡು ಸಾಲು ಬರೆಯುವದು ವಾಡಿಕೆ. ನಮಗೆ ಅವೆರಡೂ ಒಂದೇ ಶಕ್ತಿಯ ಎರಡು ಕವಲುಗಳೆಂದು ತೋರುವದು. ಸೊಲ್ಲೆತ್ತಿ ಹತ್ತು ಜನ ಹೆಂಗಸರನ್ನು ತನ್ನ ಬೆನ್ನಿಗೆ ತಂದುಕೊಳ್ಳುವದು ಹಾಡಿನ ಮುಂದಾಳಿನ ನಿತ್ಯದ ಕೆಲಸ. ಅವರಲ್ಲಿ ಯಾರ ದನಿ ಗಟ್ಟಿ, ಯಾರದು ಅಳುಕುವದು, ಯಾರನ್ನು ಯಾರ ಪಕ್ಕದಲ್ಲಿ ನಿಲ್ಲಿಸಬೇಕೆಂಬುದು ಅವಳಿಗೆ ತಿಳಿದಿರುವದು. ಗದ್ದೆಯಲ್ಲಿ ಪಳಗಿದ ಈ ವಿದ್ಯೆ ಸಾರಾಯಿಯ ಅಂಗಡಿಯ ಮುಂದೆಯೂ ಉಪಯೋಗಕ್ಕೆ ಬಂದಿತೆಂದರೆ ಆಶ್ಚರ್ಯವೇನು?

೫

ಕೊನೆಯದಾಗಿ, ಕಳವಳದ ಮಾತೊಂದನ್ನು ಹೇಳಬೇಕಾಗಿದೆ.

ಈ ಹಾಡುಗಳು ಬೆಳೆದ ಬದುಕು ಈಗ ಹಾಗೆಯೇ ಉಳಿದಿಲ್ಲ. ಹಿಂದೆ ಹಾಲಕ್ಕಿಗಳಲ್ಲಿ ಬಹುಜನರು ಪರರ ಭೂಮಿಯ ಗೇಣಿದಾರರು. ದಿನಕರ ದೇಸಾಯಿಯವರ ರೈತಚಳವಳಿ, ಬಳಿಕ ೧೯೭೪ರ ಭೂಸುಧಾರಣೆ, ಇವು ಆ ಸ್ಥಿತಿಯನ್ನು ಬದಲಿಸಿದವು; ಅದಕ್ಕಾಗಿ ಯಾರೂ ಮರುಗಬೇಕಾದುದಿಲ್ಲ. ಕಾಳೀನದಿಯ ದಂಡೆಯ ಕೈಗಾದಲ್ಲಿ ೨೦೦೦ರಿಂದ ಅಣುಶಕ್ತಿಯ ಸ್ಥಾವರವು ವಿದ್ಯುತ್ತನ್ನು ಕೊಡುತ್ತಿದೆ. ಕಾರವಾರದ ತೆಂಕಣ ಕಡಲತೀರದಲ್ಲಿ ೨೦೦೫ರಲ್ಲಿ ನೌಕಾನೆಲೆಯು ನೆಲೆಗೊಂಡಿತು. ಈ ಎರಡರ ನಿಮಿತ್ತವಾಗಿಯೂ ಜನರು ಮನೆ ಗದ್ದೆಗಳನ್ನು ಬಿಟ್ಟು ಬೇರೆಡೆಗೆ ಹೋದರು. ಹೊಸ ಉದ್ಯೋಗಗಳು ಬಂದವು. ಮಕ್ಕಳು ಶಾಲೆಗೆ ಹೋದರು. ನೆಟ್ಟಿಯ ಗದ್ದೆ ಕಿರಿದಾದಲ್ಲಿ ನೆಟ್ಟಿಯ ಹಾಡು ಎಲ್ಲಿ ನಿಲ್ಲಬೇಕು? ಅದು ವೇದಿಕೆಯ ಮೇಲೆ ಬಂದು ನಿಂತಿತು. ವೇದಿಕೆಯಲ್ಲಿ ಅದಕ್ಕೆ ಕೆಲವು ನಿಮಿಷಗಳ ಅವಧಿ. ನಾಲ್ಕು ಸೊಲ್ಲು ಮುಗಿಯುವಷ್ಟರಲ್ಲಿ ಚಪ್ಪಾಳೆ, ಶಾಲು, ಮುಂದಿನ ಕಾರ್ಯಕ್ರಮ. ಬೆಳೆದು ಬೆಳೆದು ರಸಕ್ಕೇರುವ ಹಾಡಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಇಂತಹ ತುಣುಕುಗಳನ್ನು ಕೇಳಿ ಸುಕ್ರಜ್ಜಿಯ ಕಲೆಯನ್ನು ಬಲ್ಲೆವೆನ್ನುವದು, ಅಡಿಗೆಯ ಪರಿಮಳ ಕುಡಿದು ಊಟವಾಯಿತೆಂದಂತೆ.

ಸಂಗ್ರಹದ ಕೆಲಸವು ನಡೆದೇ ಇಲ್ಲವೆಂದು ನಾವು ಹೇಳುವದಿಲ್ಲ. ೧೯೩೧ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಪ್ರಕಟಿಸಿ ಕನ್ನಡಿಗರ ಕಣ್ಣು ತೆರೆಯಿಸಿದರು. ನಮ್ಮ ಜಿಲ್ಲೆಯಲ್ಲಿ ಕುಮಟೆಯ ಎಲ್. ಆರ್. ಹೆಗಡೆಯವರೂ ಹೊನ್ನಾವರದ ಎನ್. ಆರ್. ನಾಯಕ, ಶಾಂತಿ ನಾಯಕ ದಂಪತಿಗಳೂ ಕೊಪ್ಪ ಕೊಪ್ಪಗಳನ್ನು ತಿರುಗಿ ಮಾಡಿದ ಪರಿಶ್ರಮಕ್ಕೆ ಜಿಲ್ಲೆಯು ಋಣಿಯಾಗಿದೆ. ಆ ಹಿರಿಯರ ಉದ್ದೇಶವು ಹಾಡನ್ನು ಉಳಿಸುವದಾಗಿತ್ತು. ಅದು ಬಹುಮಟ್ಟಿಗೆ ಈಡೇರಿತು. ಆದರೆ ವಿಷಯಾನುಸಾರ ವಿಂಗಡಿಸಿ ಅಚ್ಚು ಹಾಕಿದ ಹಾಡು ಎಲ್ಲರದೂ ಆಗುವದು, ಯಾರದೂ ಅಲ್ಲವಾಗುವದು. 'ಜನಪದ' ಎಂಬ ದೊಡ್ಡ ಮಾತಿನ ನೆರಳಿನಲ್ಲಿ ಹಾಡಿದವಳ ಹೆಸರು ಮರೆಯಾಗುವದು. ಈಗ ಮಾಡಬೇಕಾದುದು ಎರಡನೆಯ ಕೆಲಸ: ಹಾಡಿದವರನ್ನು ಉಳಿಸುವದು.

ಇದಕ್ಕೆ ಬೇಕಾದುದು ದೊಡ್ಡ ಹಣವಲ್ಲ, ಕ್ರಮ. ಸುಕ್ರಜ್ಜಿಯೊಡನೆ ಸೊಲ್ಲು ಎತ್ತಿಕೊಂಡು ಹಾಡಿದ ಹೆಂಗಸರು ಇನ್ನೂ ನಮ್ಮ ನಡುವೆ ಇದ್ದಾರೆ, ಅವರಿಗೂ ವಯಸ್ಸಾಗುತ್ತಿದೆ. ಈ ಹಾಡು ನಿಮಗೆ ಯಾರಿಂದ ಬಂದಿತು? ಅವರು ಯಾವ ಕೊಪ್ಪದವರು? ನಿಮ್ಮ ತಾಯಿ ಹಾಡುತ್ತಿದ್ದ ರೀತಿಗೂ ಸುಕ್ರಜ್ಜಿಯ ರೀತಿಗೂ ಏನು ವ್ಯತ್ಯಾಸ? ಎಲ್ಲಿ ಅವರು ನಿಮ್ಮನ್ನು ತಿದ್ದಿದರು? ಈ ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಂಡರೆ, ಹಾಡನ್ನು ಪೂರ್ತಿಯಾಗಿ ಅದರ ಸಂದರ್ಭದಲ್ಲಿಯೇ ಮುದ್ರಿಸಿಕೊಂಡರೆ, ಮನಸೂರರ ಗ್ರಂಥದಲ್ಲಿ ನಮಗೆ ಸಿಕ್ಕುವ ಗುರುಪರಂಪರೆಯಂಥದೇ ಒಂದು ಪರಂಪರೆ ಇಲ್ಲಿಯೂ ಬೆಳಕಿಗೆ ಬರುವದು. ಗಂಗೂಬಾಯಿಯವರ ಕಥೆಯಲ್ಲಿ, ಮಗಳ ಹಿಂದುಸ್ತಾನಿ ಗಾಯನಕ್ಕೆ ಅಡ್ಡಿಯಾಗಬಾರದೆಂದು ತನ್ನ ಕರ್ನಾಟಕ ಸಂಗೀತವನ್ನೇ ಬಿಟ್ಟುಕೊಟ್ಟ ತಾಯಿ ಅಂಬಾಬಾಯಿಯವರನ್ನು ನಾವು ಗೌರವದಿಂದ ನೆನೆಯುತ್ತೇವೆ. ಸುಕ್ರಜ್ಜಿಗೆ ಹಾಡು ಕೊಟ್ಟ ತಾಯಿಯ ಹೆಸರನ್ನು ನಮ್ಮ ವಾಚಕರಲ್ಲಿ ಎಷ್ಟು ಜನರು ಹೇಳಬಲ್ಲರು?

ಕಾರವಾರದಲ್ಲಿ, ಅಂಕೋಲೆಯಲ್ಲಿ, ಕೈಗಾ ನೌಕರರು ನೆಲೆಸಿರುವ ಮಲ್ಲಾಪುರದ ವಸಾಹತಿನಲ್ಲಿ ಓದುಬಲ್ಲ ಮನೆಗಳು ನೂರಾರಿವೆ. ಆ ಮನೆಗಳ ತರುಣ ತರುಣಿಯರ ಕೈಯಲ್ಲಿ ಇಂದು ಧ್ವನಿಯನ್ನು ಹಿಡಿದಿಡುವ ಯಂತ್ರವು ಸದಾ ಇದೆ. ಹಿಂದಿನ ಸಂಗ್ರಾಹಕರಿಗೆ ಕಾಗದ ಸೀಸದಕಡ್ಡಿಗಳಷ್ಟೇ ಗತಿಯಾಗಿದ್ದವು. ಸಾಧನವು ಬಂದಾಗ ಶ್ರದ್ಧೆಯು ಹೋಯಿತೆಂಬ ಅಪವಾದವು ನಮ್ಮ ತಲೆಮಾರಿಗೆ ಬರಬಾರದು. ಸುಕ್ರಿ ಬೊಮ್ಮಗೌಡರಿಗೆ ಬಿರುದುಗಳು ಸಾಕಷ್ಟು ದೊರೆತವು. ಇನ್ನು ಅವರಿಗೆ ಸಲ್ಲಬೇಕಾದುದು, ಸೊಲ್ಲನ್ನೆತ್ತಿದವರಿಗೆ ಸೊಲ್ಲನ್ನು ಎತ್ತಿಕೊಳ್ಳುವವರಿಂದ ಯಾವಾಗಲೂ ಸಲ್ಲುವಂಥದು: ಕಿವಿಗೊಟ್ಟು ಕೇಳುವದು.